ಬುಡ ಬರಿದಾದ ಪ್ರಿವೆಟ್ ಬೇಲಿ: ಉಳಿಸಿಕೊಳ್ಳಬಹುದೇ, ಕಿತ್ತು ಹಾಕಬೇಕೇ?

ಇಳಿಜಾರಿನ ಮನೆ, ಮಡಿಕೇರಿ (ಅಕ್ಟೋಬರ್ 9)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಂಗಳದ ಕೆಳಬದಿಯಲ್ಲಿ ಗೇಟಿನಿಂದ ಕೊಟ್ಟಿಗೆಯ ಮೂಲೆಯವರೆಗೆ, ಸುಮಾರು 40 ಅಡಿ ಉದ್ದಕ್ಕೆ, ನಾಲ್ಕು ವರ್ಷಗಳ ಹಿಂದೆ ಪ್ರಿವೆಟ್ ಗಿಡಗಳನ್ನು ಬೇಲಿಯಾಗಿ ನೆಟ್ಟಿದ್ದೆವು. ಒಂದೂವರೆ ಅಡಿಗೆ ಒಂದರಂತೆ ಒಟ್ಟು 27 ಗಿಡಗಳು. ಮೊದಲ ಎರಡು ವರ್ಷ ಬಹಳ ಚೆನ್ನಾಗಿ ಬಂದವು, ಮನೆಗೆ ಬಂದವರೆಲ್ಲ ಗಿಡ ಎಲ್ಲಿಂದ ತಂದಿರಿ ಎಂದು ಕೇಳುತ್ತಿದ್ದರು. ಈಗ ನೋಡಿದರೆ ತಲೆಯ ಭಾಗ ಮಾತ್ರ ದಟ್ಟವಾಗಿದೆ, ನೆಲದಿಂದ ಮೊಣಕಾಲಿನ ಎತ್ತರದವರೆಗೆ ಒಂದೆಲೆಯೂ ಇಲ್ಲ. ಕೋಳಿಗಳು ಒಂದೊಂದಾಗಿ ನುಸುಳಿ ತೋಟಕ್ಕೆ ಹೋಗುತ್ತವೆ.

ಇದರ ಜೊತೆಗೆ, ಈ ಸಲದ ಕಕ್ಕಡ ಮಾಸದ ಮಳೆಯ ನಂತರ ಕೊಟ್ಟಿಗೆಯ ಕಡೆಯ ಐದು ಗಿಡಗಳು ಹಳದಿ ತಿರುಗಿ ಎಲೆ ಉದುರಿಸಲು ಶುರು ಮಾಡಿವೆ. ಗೊಬ್ಬರ ಸಾಲದೆಂದು ಸಗಣಿ ಗೊಬ್ಬರ ಕೊಟ್ಟೆ, ಏನೂ ಪ್ರಯೋಜನವಾಗಲಿಲ್ಲ. ಮನೆಯಲ್ಲಿ ಎಲ್ಲರೂ ಇದನ್ನು ಕಿತ್ತು ಚೈನ್‌ಲಿಂಕ್ ಹಾಕಿಸೋಣ ಎನ್ನುತ್ತಿದ್ದಾರೆ. ನನಗೆ ಮಾತ್ರ ಮನಸ್ಸಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಸಸಿ ಮಾರುವವನು, ಕುಶಾಲನಗರ (ಅಕ್ಟೋಬರ್ 9)

ಅಕ್ಕ, ಮೊದಲು ನಿಮ್ಮದು ಪ್ರಿವೆಟ್ ಹೌದೋ ಅಲ್ಲವೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಮ್ಮ ಕಡೆಯ ನರ್ಸರಿಗಳಲ್ಲಿ ಬೇಲಿ ಗಿಡ ಕೇಳಿದರೆ ಹೆಚ್ಚಾಗಿ ಕೊಡುವುದು ಡುರಾಂಟಾ. ಎಳೆಯ ಸಸಿಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. ಹೂವು ಯಾವ ಬಣ್ಣ, ಕಾಯಿ ಯಾವ ಬಣ್ಣ ಎಂದು ಹೇಳಿದರೆ ಸಾಕು. ಡುರಾಂಟಾದ ಹೂವು ನೇರಳೆ, ಕಾಯಿ ಹಳದಿ ಮಣಿಗಳಂತೆ ಜೋತಾಡುತ್ತದೆ, ಬಲಿತ ಕೊಂಬೆಯಲ್ಲಿ ಮುಳ್ಳೂ ಇರಬಹುದು.

ಇಳಿಜಾರಿನ ಮನೆ, ಮಡಿಕೇರಿ (ಅಕ್ಟೋಬರ್ 10)

ಕತ್ತರಿಸದೆ ಬಿಟ್ಟಿದ್ದ ಗೇಟಿನ ಪಕ್ಕದ ಗಿಡವೊಂದರಲ್ಲಿ ಈ ವರ್ಷ ಹೂ ಬಂದಿತ್ತು. ಚಿಕ್ಕ ಚಿಕ್ಕ ಬಿಳಿ ಹೂಗಳ ಗೊಂಚಲು, ಪ್ರತಿ ಹೂವಿಗೂ ನಾಲ್ಕು ಎಸಳು. ವಾಸನೆ ಮಾತ್ರ ತುಂಬ ಗಾಢ. ಸಂಜೆ ಕಿಟಕಿ ತೆರೆದಿಟ್ಟರೆ ನನ್ನ ಅತ್ತೆಯವರಿಗೆ ತಲೆನೋವು ಬರುತ್ತಿತ್ತು. ಈಗ ಅದೇ ಗೊಂಚಲಿನಲ್ಲಿ ಮೆಣಸಿನ ಕಾಳಿನ ಗಾತ್ರದ ಹಸಿರು ಕಾಯಿಗಳಿವೆ. ಕೆಲವು ಕಪ್ಪಾಗುತ್ತಿವೆ. ಎಲೆ ಎದುರುಬದುರಾಗಿ ಜೋಡಿಸಿಕೊಂಡಿದೆ, ಅಂಚಿನಲ್ಲಿ ಹಲ್ಲಿಲ್ಲ, ಮೇಲ್ಭಾಗ ಹೊಳೆಯುತ್ತದೆ.

ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ, ಪೊನ್ನಂಪೇಟೆ (ಅಕ್ಟೋಬರ್ 10)

ಹಾಗಾದರೆ ಅದು ಪ್ರಿವೆಟ್ಟೇ, ಅನುಮಾನ ಬೇಡ. ಇನ್ನೊಂದು ಗುರುತನ್ನೂ ನೋಡಿಕೊಳ್ಳಿ: ಹೂವಿನೊಳಗೆ ಎರಡೇ ಎರಡು ಕೇಸರಗಳಿರುತ್ತವೆ. ನಾಲ್ಕು ಎಸಳು, ಎರಡು ಕೇಸರ ಎಂಬುದು ಆಲಿವ್ ಕುಟುಂಬದಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ. ನಮ್ಮ ಮಲ್ಲಿಗೆ ಮತ್ತು ಪಾರಿಜಾತ ಕೂಡ ಇದೇ ಕುಟುಂಬಕ್ಕೆ ಸೇರಿದವು, ಅವುಗಳಲ್ಲಿ ಎಸಳಿನ ಸಂಖ್ಯೆ ಹೆಚ್ಚಿದ್ದರೂ ಕೇಸರ ಎರಡೇ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಮದರಂಗಿ ಗಿಡವನ್ನು ಈಜಿಪ್ಟಿನ ಪ್ರಿವೆಟ್ ಎಂದು ಕರೆದಿರುವುದರಿಂದ ಕೆಲವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಅದು ಬೇರೆಯದೇ ಕುಟುಂಬದ ಗಿಡ.

ಪ್ರಿವೆಟ್‌ನ ಕುಲದ ಹೆಸರು ಲಿಗಸ್ಟ್ರಮ್, ಅದರಲ್ಲಿ 40ಕ್ಕೂ ಹೆಚ್ಚು ಜಾತಿಗಳಿವೆ. ಯುರೋಪಿನಲ್ಲಿ ಸಹಜವಾಗಿ ಬೆಳೆಯುವುದು ಲಿಗಸ್ಟ್ರಮ್ ವಲ್ಗೇರ್. ಆದರೆ ಬೇಲಿಗೆಂದು ಪ್ರಪಂಚದಲ್ಲೆಲ್ಲ ಹರಡಿರುವುದು ಜಪಾನಿನ ಕಡೆಯ ಓವಲಿಫೋಲಿಯಮ್, ಚೀನಾದ ಸೈನೆನ್ಸ್ ಮತ್ತು ಲೂಸಿಡಮ್. ಎಲೆ ಎರಡು ಬೆರಳಿನಷ್ಟು ಅಗಲವಿದ್ದು, ಎಳೆಯ ಕೊಂಬೆ ನುಣ್ಣಗಿದ್ದರೆ ಓವಲಿಫೋಲಿಯಮ್ ಇರಬಹುದು. ಎಲೆ ಚಿಕ್ಕದಾಗಿ, ಕೊಂಬೆಯ ಮೇಲೆ ಬೆರಳಾಡಿಸಿದಾಗ ಸಣ್ಣ ರೋಮ ತಗುಲಿದರೆ ಸೈನೆನ್ಸ್. ಎಲೆ ಅಂಗೈ ಉದ್ದವಿದ್ದರೆ ಲೂಸಿಡಮ್. ಅದು ಬೇಲಿಯಲ್ಲ, ಬಿಟ್ಟರೆ ಮರವೇ ಆಗುತ್ತದೆ. ನಮ್ಮ ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಒಂದು ಪ್ರಿವೆಟ್ ಕೂಡ ಇದೆ, ಅದರ ಹೆಸರು ಲಿಗಸ್ಟ್ರಮ್ ಪೆರೊಟೆಟ್ಟಿ. ಹಾಗಾಗಿ ಈ ಕುಲ ನಮಗೆ ಪೂರ್ತಿ ಪರಕೀಯವೂ ಅಲ್ಲ. ನಿಮ್ಮ ಕಾಯಿಗಳ ವಿಷಯವಾಗಿ ನನಗೆ ಹೇಳಬೇಕಾದದ್ದು ಇನ್ನೂ ಇದೆ. ಮೊದಲು ಸಾಯುತ್ತಿರುವ ಗಿಡಗಳ ವಿಚಾರ ಮುಗಿಯಲಿ.

ಕಾಫಿ ಬೆಳೆಗಾರ, ಸೋಮವಾರಪೇಟೆ (ಅಕ್ಟೋಬರ್ 11)

ಪ್ರಿವೆಟ್ ಬಹಳ ಗಟ್ಟಿಮುಟ್ಟಾದ ಗಿಡ. ಮಣ್ಣು ಕೆಂಪಿರಲಿ, ಕಪ್ಪಿರಲಿ, ಸ್ವಲ್ಪ ಹುಳಿಯಿರಲಿ, ಬಿಸಿಲಿರಲಿ, ಅರೆ ನೆರಳಿರಲಿ, ಹೊಂದಿಕೊಳ್ಳುತ್ತದೆ. ಅದು ತಾಳಿಕೊಳ್ಳದಿರುವುದು ಒಂದನ್ನೇ, ಬುಡದಲ್ಲಿ ನಿಂತ ನೀರು. ಇಳಿಜಾರಿನ ಕೆಳತುದಿಯಲ್ಲಿ, ಅದೂ ಕೊಟ್ಟಿಗೆಯ ಪಕ್ಕದಲ್ಲಿ ಗಿಡಗಳು ಹಳದಿಯಾಗಿವೆ ಎಂದರೆ ನನಗೆ ಮೊದಲು ನೆನಪಾಗುವುದು ನೀರು. ಆದರೆ ನೋಡದೆ ಹೇಳುವುದು ಸರಿಯಲ್ಲ. ಐದರಲ್ಲಿ ಒಂದೆರಡನ್ನು ಬೇರು ಸಮೇತ ಕಿತ್ತು, ತೊಳೆದು, ಏನು ಕಂಡಿತು ಎಂದು ಬರೆಯಿರಿ. ಆ ಜಾಗದಲ್ಲಿ ಮೊದಲು ಯಾವುದಾದರೂ ಮರ ಇತ್ತೇ ಎಂಬುದನ್ನೂ ತಿಳಿಸಿ.

ಇಳಿಜಾರಿನ ಮನೆ, ಮಡಿಕೇರಿ (ಅಕ್ಟೋಬರ್ 13)

ಅಣ್ಣ, ನೀವು ಹೇಳಿದಂತೆ ಮಾಡಿದೆ. ಎರಡನ್ನು ಕೀಳೋಣವೆಂದು ಹೋದವಳು ಐದನ್ನೂ ಕಿತ್ತುಬಿಟ್ಟೆ, ಏಕೆಂದರೆ ನಾಲ್ಕು ಗಿಡಗಳು ಕೈಯಿಂದ ಎಳೆದ ಕೂಡಲೇ ಬಂದವು. ಅವುಗಳ ಬೇರು ಕಪ್ಪಾಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದಂತೆ ಜಾರಿ ಬಂದು, ಒಳಗೆ ದಾರದಂಥ ನಡುಭಾಗ ಮಾತ್ರ ಉಳಿಯುತ್ತಿತ್ತು. ಗುಂಡಿಯಲ್ಲಿ ಚರಂಡಿಯ ವಾಸನೆ, ಮಳೆ ನಿಂತು ವಾರವಾಗಿದ್ದರೂ ತಳದಲ್ಲಿ ನೀರು ಒಸರುತ್ತಿತ್ತು.

ಐದನೆಯದು ಹಾಗಿರಲಿಲ್ಲ. ಅದನ್ನು ಗುದ್ದಲಿ ಹಾಕಿಯೇ ತೆಗೆಯಬೇಕಾಯಿತು. ನೆಲಕ್ಕೆ ತಾಗಿದ ಭಾಗದಲ್ಲಿ ತೊಗಟೆಯನ್ನು ಕತ್ತಿಯಿಂದ ಎಬ್ಬಿಸಿ ನೋಡಿದಾಗ ಒಳಗಡೆ ಬಿಳಿ ಕಾಗದ ಅಂಟಿಸಿದಂತೆ ಬೂಸ್ಟಿನ ಪದರವಿತ್ತು, ಅಣಬೆಯ ವಾಸನೆ ಬರುತ್ತಿತ್ತು. ಆ ಗಿಡದಿಂದ ಎರಡಡಿ ದೂರದಲ್ಲಿ ಹಳೆಯ ಸಿಲ್ವರ್ ಓಕ್ ಮರದ ಬುಡ ಈಗಲೂ ಇದೆ. 2018ರ ಆಗಸ್ಟ್ ಮಳೆಯಲ್ಲಿ ವಾಲಿದ್ದ ಮರವನ್ನು ಕಡಿಸಿದ್ದೆವು, ಬುಡವನ್ನು ತೆಗೆಸಿರಲಿಲ್ಲ.

ಕಾಫಿ ಬೆಳೆಗಾರ, ಸೋಮವಾರಪೇಟೆ (ಅಕ್ಟೋಬರ್ 13)

ಇಷ್ಟು ಸರಿಯಾಗಿ ನೋಡಿ ಬರೆದದ್ದಕ್ಕೆ ಧನ್ಯವಾದ. ನಿಮ್ಮದು ಎರಡು ಬೇರೆ ಬೇರೆ ತೊಂದರೆ, ಎರಡಕ್ಕೂ ಒಂದೇ ಮದ್ದು ಹಾಕಿದರೆ ಕೆಲಸ ಕೆಡುತ್ತದೆ.

ನಾಲ್ಕು ಗಿಡಗಳು ಉಸಿರುಗಟ್ಟಿ ಸತ್ತಿವೆ. ಬೇರಿಗೂ ಗಾಳಿ ಬೇಕು. ವಾರಗಟ್ಟಲೆ ನೀರಿನಲ್ಲಿ ಮುಳುಗಿದ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರನ್ನೂ ಗೊಬ್ಬರವನ್ನೂ ಮೇಲಕ್ಕೆ ಕಳಿಸಲಾರದು. ನೀರಿನ ನಡುವೆ ನಿಂತ ಗಿಡ ಬಾಯಾರಿ ಸಾಯುವುದು ಹೀಗೆ. ಅಂಥ ಗಿಡಕ್ಕೆ ಸಗಣಿ ಗೊಬ್ಬರ ಕೊಟ್ಟರೆ ಉಪಕಾರವಾಗುವುದಿಲ್ಲ. ಬೇಲಿಯ ಮೇಲ್ಬದಿಯಲ್ಲಿ, ಗಿಡಗಳಿಂದ ಎರಡಡಿ ಬಿಟ್ಟು, ಒಂದೂವರೆ ಅಡಿ ಆಳದ ಬಸಿಗಾಲುವೆ ತೆಗೆಸಿ, ಅದನ್ನು ಕೊಟ್ಟಿಗೆಯ ಆಚೆಗೆ ಸಾಗಿಸಿ. ಕೊಟ್ಟಿಗೆ ತೊಳೆದ ನೀರು ಆ ಕಡೆ ಬರುತ್ತಿದ್ದರೆ ಅದನ್ನೂ ತಿರುಗಿಸಿ. ಆಮೇಲೆ ಆ ಜಾಗವನ್ನು ಅರ್ಧ ಅಡಿ ಏರಿಸಿ ಏರುಮಡಿ ಮಾಡಿಯೇ ಹೊಸ ಗಿಡ ನೆಡಬೇಕು.

ಐದನೆಯ ಗಿಡದ್ದು ಬೇರು ರೋಗ. ಕಾಫಿ ತೋಟದಲ್ಲಿ ನೆರಳಿನ ಮರ ಕಡಿದು ಬುಡವನ್ನು ಹಾಗೇ ಬಿಟ್ಟಾಗ, ಆ ಕೊಳೆಯುವ ಬುಡದಲ್ಲಿ ಶಿಲೀಂಧ್ರ ಮನೆ ಮಾಡಿಕೊಂಡು, ಬೇರಿನಿಂದ ಬೇರಿಗೆ ದಾಟಿ ಪಕ್ಕದ ಗಿಡಗಳನ್ನು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹೊರದೇಶಗಳಲ್ಲಿ ಪ್ರಿವೆಟ್ ಬೇಲಿಯನ್ನು ಸಾಲಾಗಿ ಕೊಲ್ಲುವ ಜೇನು ಅಣಬೆ ಎಂಬ ಶಿಲೀಂಧ್ರವೂ ಇದೇ ರೀತಿ ಹರಡುತ್ತದೆ. ಸಿಂಪಡಿಸಿ ವಾಸಿ ಮಾಡುವ ಔಷಧಿ ಇದಕ್ಕಿಲ್ಲ. ಸಿಲ್ವರ್ ಓಕ್‌ನ ಬುಡವನ್ನು ಬೇರು ಸಮೇತ ತೆಗೆಸಿ ಅಲ್ಲೇ ಸುಡಿ. ಆ ಜಾಗ ಮತ್ತು ಉಳಿದ ಗಿಡಗಳ ನಡುವೆ ಎರಡಡಿ ಆಳ, ಒಂದಡಿ ಅಗಲದ ಕಂದಕ ತೆಗೆದು ಬೇರುಗಳ ಸಂಪರ್ಕ ಕತ್ತರಿಸಿ. ಕಂದಕದ ಮಣ್ಣನ್ನು ರೋಗದ ಕಡೆಗೇ ಹಾಕಬೇಕು, ಆರೋಗ್ಯದ ಗಿಡಗಳ ಕಡೆಗೆ ಒಂದು ಬುಟ್ಟಿಯೂ ಬೀಳಬಾರದು. ಅಲ್ಲಿ ಒಂದೆರಡು ವರ್ಷ ಯಾವ ಪೊದೆಯನ್ನೂ ನೆಡಬೇಡಿ.

ಹೈನುಗಾರಿಕೆಯವರು, ಶನಿವಾರಸಂತೆ (ಅಕ್ಟೋಬರ್ 14)

ಕೊಟ್ಟಿಗೆ ಎಂಬ ಪದ ಕಂಡು ಬರೆಯುತ್ತಿದ್ದೇನೆ. ಪ್ರಿವೆಟ್‌ನ ಎಲೆ ಮತ್ತು ಕಾಯಿ ಎರಡೂ ವಿಷ. ದನ, ಕುದುರೆ, ನಾಯಿ, ಮನುಷ್ಯ, ಯಾರಿಗೂ ಒಳ್ಳೆಯದಲ್ಲ. ಬೇಲಿಯಲ್ಲಿ ನಿಂತಿರುವ ಗಿಡವನ್ನು ದನಗಳು ಸಾಮಾನ್ಯವಾಗಿ ಬಾಯಿ ಹಾಕಿ ತಿನ್ನುವುದಿಲ್ಲ. ಅಪಾಯವಾಗುವುದು ಬೇಲಿ ಸವರಿದ ದಿನ. ಆಳುಗಳು ಸೊಪ್ಪನ್ನು ರಾಶಿ ಮಾಡಿ, ಹಸಿರು ಸೊಪ್ಪಲ್ಲವೇ ಎಂದು ಕೊಟ್ಟಿಗೆಗೆ ಹಾಕಿಬಿಡುತ್ತಾರೆ. ನಮ್ಮ ಮನೆಯಲ್ಲಿ ಆರು ವರ್ಷಗಳ ಹಿಂದೆ ಒಂದು ಕರು ಇದೇ ರೀತಿ ತಿಂದು, ಭೇದಿಯಾಗಿ, ಹಿಂಗಾಲು ತಡವರಿಸಿ ನಿಲ್ಲಲಾರದೆ ಮಲಗಿಬಿಟ್ಟಿತ್ತು. ಪಶುವೈದ್ಯರು ಸಮಯಕ್ಕೆ ಬಂದದ್ದರಿಂದ ಬದುಕಿತು. ಅವರನ್ನು ಕರೆಯುವಾಗ ಯಾವ ಸೊಪ್ಪು ತಿಂದಿದೆ ಎಂಬುದನ್ನು ಹೇಳಿ, ಒಂದು ಕೊಂಬೆಯನ್ನು ತೋರಿಸಲು ಇಟ್ಟುಕೊಂಡಿದ್ದೆವು. ಅದರಿಂದ ಬಹಳ ಸಹಾಯವಾಯಿತು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಕಪ್ಪು ಕಾಯಿಗಳನ್ನು ಇವತ್ತೇ ಕತ್ತರಿಸಿ ಹಾಕಿ. ನೋಡಲು ಕಾಡಿನ ನೇರಳೆ ಹಣ್ಣಿನಂತಿರುತ್ತವೆ, ಮಕ್ಕಳು ಬಾಯಿಗೆ ಹಾಕಿಕೊಂಡರೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ.

ಇಳಿಜಾರಿನ ಮನೆ, ಮಡಿಕೇರಿ (ಅಕ್ಟೋಬರ್ 14)

ಇದು ನನಗೆ ಗೊತ್ತಿರಲಿಲ್ಲ. ಮೊಮ್ಮಕ್ಕಳು ರಜೆಗೆ ಬಂದಿದ್ದಾರೆ. ಓದಿದ ಕೂಡಲೇ ಹೋಗಿ ಗೊಂಚಲುಗಳನ್ನೆಲ್ಲ ಕತ್ತರಿಸಿ ಒಲೆಗೆ ಹಾಕಿದೆ. ಇನ್ನು ಉಳಿದಿರುವ 22 ಗಿಡಗಳ ಬರಿದಾದ ಬುಡಕ್ಕೆ ಏನು ಮಾಡಲಿ?

ಸಸಿ ಮಾರುವವನು, ಕುಶಾಲನಗರ (ಅಕ್ಟೋಬರ್ 15)

ಅಕ್ಕ, ಬುಡ ಬರಿದಾಗಲು ಕಾರಣ ನೆಟ್ಟ ವರ್ಷವೇ ಹುಟ್ಟಿಕೊಂಡಿದೆ. ಹೆಚ್ಚಿನವರು ಗಿಡ ಬೇಗ ಎತ್ತರವಾಗಲಿ ಎಂದು ಮೊದಲ ಎರಡು ವರ್ಷ ಕತ್ತರಿ ಮುಟ್ಟಿಸುವುದಿಲ್ಲ, ಬೇಕಾದ ಎತ್ತರಕ್ಕೆ ಬಂದ ಮೇಲೆ ತಲೆಯನ್ನಷ್ಟೇ ಸಮ ಮಾಡುತ್ತಾರೆ. ಪ್ರಿವೆಟ್ ಎಲ್ಲಿ ಕತ್ತರಿಸಿದರೆ ಅಲ್ಲೇ, ಅದರ ಕೆಳಗಿನ ಒಂದೆರಡು ಗೆಣ್ಣುಗಳಿಂದ ಕವಲೊಡೆಯುತ್ತದೆ. ನಾಲ್ಕಡಿಯಲ್ಲಿ ಕತ್ತರಿಸಿದರೆ ನಾಲ್ಕಡಿಯಲ್ಲೇ ಪೊದೆ. ನೆಟ್ಟ ಕೂಡಲೇ ಅರ್ಧ ಅಡಿಯಿಂದ ಒಂದಡಿಗೆ ತಗ್ಗಿಸಿ, ಆಮೇಲೆ ಪ್ರತಿ ಸಲ ಹೊಸ ಚಿಗುರಿನ ಅರ್ಧವನ್ನು ಕತ್ತರಿಸುತ್ತ ಹೋದರೆ ಮಾತ್ರ ಬುಡದಿಂದಲೇ ತುಂಬುತ್ತದೆ. ಹೀಗೆ ಮಾಡಿದರೆ ಬೇಲಿಯಾಗಲು ಒಂದು ವರ್ಷ ಹೆಚ್ಚು ಬೇಕಾಗುತ್ತದೆ, ನಾನು ಸಸಿ ಕೊಡುವಾಗ ಇದನ್ನು ಹೇಳಿದರೂ ಕೇಳುವವರು ಕಡಿಮೆ.

ಎರಡನೆಯ ಕಾರಣ ಆಕಾರ. ಬೇಲಿಯ ತಲೆ ಅಗಲವಾಗಿ ಬುಡ ಕಿರಿದಾದರೆ ತಲೆಯ ನೆರಳು ಬುಡದ ಮೇಲೆ ಬೀಳುತ್ತದೆ, ನೆರಳು ಬಿದ್ದ ಕಡೆ ಎಲೆ ಉದುರುತ್ತದೆ. ಬುಡ ಅಗಲ, ತಲೆ ಕಿರಿದು, ಹುಲ್ಲಿನ ಮೆದೆಯಂತೆ ಸ್ವಲ್ಪ ಇಳಿಜಾರಾಗಿ ಸವರಬೇಕು. ಇಷ್ಟು ವರ್ಷವಾದ ಮೇಲೂ ಸರಿಪಡಿಸಬಹುದು ಎಂಬುದೇ ಪ್ರಿವೆಟ್‌ನ ದೊಡ್ಡ ಗುಣ. ಕಾಫಿಯಲ್ಲಿ ಮುದಿ ಗಿಡವನ್ನು ಬುಡದಿಂದ ಒಂದಡಿ ಬಿಟ್ಟು ಕತ್ತರಿಸಿ ಹೊಸ ಚಿಗುರು ಬರಿಸುತ್ತೇವಲ್ಲ, ಇದಕ್ಕೂ ಹಾಗೆಯೇ ಮಾಡಬಹುದು. ಆದರೆ ಈಗ ಬೇಡ. ಈಗ ಕತ್ತರಿಸಿದರೆ ಬರುವ ಎಳೆ ಚಿಗುರು ಬೇಸಿಗೆಯ ಒಣಹವೆಗೆ ಸಿಕ್ಕಿ ಸೊರಗುತ್ತದೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ನೆಲ ನೆನೆದ ಮೇಲೆ, ಹರಿತವಾದ ಗರಗಸದಿಂದ ನೆಲದಿಂದ ಒಂದಡಿ ಬಿಟ್ಟು, ನೀರು ಜಾರಿ ಹೋಗುವಂತೆ ಓರೆಯಾಗಿ ಕತ್ತರಿಸಿ.

ಕಾಫಿ ಬೆಳೆಗಾರ, ಸೋಮವಾರಪೇಟೆ (ಅಕ್ಟೋಬರ್ 15)

ಕತ್ತರಿಸಿದ ಬಾಯಿಗೆ ಬೋರ್ಡೋ ಪೇಸ್ಟ್ ಬಳಿಯಲು ಮರೆಯಬೇಡಿ, ನಮ್ಮ ಮಳೆಗೆ ತೆರೆದ ಗಾಯ ಬೇಗ ಕೊಳೆಯುತ್ತದೆ. 22 ಗಿಡಗಳಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಟ್ಟ ಸುಣ್ಣ, ಒಟ್ಟು ಒಂದು ಲೀಟರ್ ನೀರು ಧಾರಾಳವಾಗಿ ಸಾಕು. ಎರಡನ್ನೂ ಬೇರೆ ಬೇರೆಯಾಗಿ ಅರ್ಧರ್ಧ ಲೀಟರ್‌ನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ಬೆರೆಸಿದ ಮೇಲೆ ತುಕ್ಕಿಲ್ಲದ ಕಬ್ಬಿಣದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತುದಿ ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣ ಹಾಕಿ. ಮಾಡಿದ ದಿನವೇ ಬಳಸಿ ಮುಗಿಸಬೇಕು.

ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ, ಪೊನ್ನಂಪೇಟೆ (ಅಕ್ಟೋಬರ್ 17)

ಕಾಯಿಗಳ ವಿಚಾರಕ್ಕೆ ಬರುತ್ತೇನೆ, ಇದನ್ನು ನಾನು ಮನಸ್ಸಿಟ್ಟು ಬರೆಯುತ್ತಿದ್ದೇನೆ. ಮನುಷ್ಯರಿಗೆ ವಿಷವಾದ ಈ ಹಣ್ಣು ಪಿಕಳಾರದಂಥ ಹಕ್ಕಿಗಳಿಗೆ ಆಹಾರ. ಅವು ನುಂಗಿ, ಬೀಜವನ್ನು ಹಿಕ್ಕೆಯ ಜೊತೆ ಎಲ್ಲೆಲ್ಲೋ ಬೀಳಿಸುತ್ತವೆ. ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಚೀನಾದ ಪ್ರಿವೆಟ್‌ಗಳು ತೋಟದ ಬೇಲಿಯಿಂದ ಹೊರಟು ಕಾಡಿನೊಳಗೆ ದಟ್ಟವಾಗಿ ಬೆಳೆದು, ಅಲ್ಲಿನ ಎಳೆ ಸಸಿಗಳಿಗೆ ಬೆಳಕೇ ಸಿಗದಂತೆ ಮಾಡಿವೆ. ಮಾರಿಷಸ್ ಮತ್ತು ರೆಯೂನಿಯನ್ ದ್ವೀಪಗಳನ್ನು ಆವರಿಸಿಕೊಂಡದ್ದು ಶ್ರೀಲಂಕಾದಲ್ಲಿ ಸಹಜವಾಗಿ ಬೆಳೆಯುವ ರೊಬಸ್ಟಮ್ ಎಂಬ ಜಾತಿ. ಅಂದರೆ ನಮ್ಮಂಥದೇ ಬಿಸಿಲು, ಮಳೆ ಇರುವ ನಾಡುಗಳಲ್ಲೂ ಇದು ಹರಡಬಲ್ಲದು.

ಲಂಟಾನ ಕೂಡ ನಮ್ಮ ದೇಶಕ್ಕೆ ಚೆಂದದ ಹೂವಿನ ತೋಟದ ಗಿಡವಾಗಿಯೇ ಬಂದದ್ದು. ನಾಗರಹೊಳೆಯ ದಾರಿಯಲ್ಲಿ ಹೋದವರಿಗೆ ಇಂದು ಅದು ಹೇಗಿದೆ ಎಂದು ನಾನು ವಿವರಿಸಬೇಕಾಗಿಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಹಲವು ಊರುಗಳಲ್ಲಿ ಅವು ಮನೆಯ ಬೇಲಿಯಿಂದ ಕೂಗಳತೆಯ ದೂರದಲ್ಲಿವೆ. ಕೆಲವು ಎಕರೆಯಷ್ಟೇ ಉಳಿದಿರುವ ಅಂಥ ಕಾಡಿನೊಳಗೆ ಪಿಕಳಾರ ಹೊತ್ತೊಯ್ಯುವ ಬೀಜ ನಮ್ಮ ಅಂಗಳದ್ದಾಗಬಾರದು ಎಂಬುದು ನನ್ನ ಕಳಕಳಿ. ಬೇಲಿ ಇರಲಿ, ಹಣ್ಣಾಗುವುದು ಬೇಡ. ಹೂವು ಕೊಂಬೆಯ ತುದಿಯಲ್ಲಿ ಬರುವುದರಿಂದ, ಕ್ರಮವಾಗಿ ಸವರುವ ಬೇಲಿಯಲ್ಲಿ ಹೂವೂ ಬಹುತೇಕ ಇರುವುದಿಲ್ಲ, ಕಾಯಿಯೂ ಇರುವುದಿಲ್ಲ. ವರ್ಷಕ್ಕೆ ಮೂರು ಸಲ ಸವರಲು ಆಗದವರು ಪ್ರಿವೆಟ್ ನೆಡದಿರುವುದೇ ಒಳ್ಳೆಯದು.

ಜೇನು ಸಾಕುವವರು, ಭಾಗಮಂಡಲ (ಅಕ್ಟೋಬರ್ 18)

ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಹೂವೇ ಬೇಡವೆಂದರೆ ನನಗೆ ಸಂಕಟವಾಗುತ್ತದೆ. ಪ್ರಿವೆಟ್ ಹೂವಿಗೆ ತುಡುವೆ ಜೇನುಗಳು ಮುತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಫಿ ಹೂವು ಎರಡು ಮೂರು ದಿನಗಳಲ್ಲಿ ಮುಗಿದುಹೋಗುತ್ತದೆ, ಇದರ ಹೂವು ಕೆಲವು ವಾರ ಇರುತ್ತದೆ. ಎರಡಕ್ಕೂ ದಾರಿ ಇಲ್ಲವೇ?

ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ, ಪೊನ್ನಂಪೇಟೆ (ಅಕ್ಟೋಬರ್ 18)

ಇದೆ. ಹೂವು ಉದುರಿದ ಮೇಲೆ ಕಾಯಿ ಬಲಿತು ಹಣ್ಣಾಗಲು ತಿಂಗಳುಗಳೇ ಬೇಕು. ಒಂದೆರಡು ಗಿಡಗಳನ್ನು ಹೂವಿಗೆ ಬಿಟ್ಟುಕೊಂಡು, ಬಿಳಿ ಎಸಳು ಕಂದಾದ ವಾರದಲ್ಲೇ ಗೊಂಚಲುಗಳನ್ನು ಕತ್ತರಿಸಿದರೆ ಜೇನಿಗೆ ಮಕರಂದ ಸಿಗುತ್ತದೆ, ಬೀಜ ಆಗುವುದಿಲ್ಲ. ಅಂಥ ಗಿಡ ಮಲಗುವ ಕೋಣೆಯ ಕಿಟಕಿಯಿಂದ ದೂರವಿರಲಿ. ಅದರ ಗಾಢ ವಾಸನೆ ಮತ್ತು ಪರಾಗ ಉಬ್ಬಸ, ಅಲರ್ಜಿ ಇರುವವರಿಗೆ ಒಗ್ಗುವುದಿಲ್ಲ.

ಹೊಸದಾಗಿ ತೋಟ ಮಾಡಿದವನು, ವಿರಾಜಪೇಟೆ (ನವೆಂಬರ್ 2)

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನಲ್ಲಿರುವುದು ಎಲೆಯ ಅಂಚು ಹಳದಿಯಾಗಿರುವ ಬಂಗಾರದ ಪ್ರಿವೆಟ್. ಅದರಲ್ಲಿ ಪೂರ್ತಿ ಹಸಿರು ಕೊಂಬೆಗಳು ಬರುತ್ತಿವೆ. ಕೆಲವು ಎಲೆಗಳ ಮೇಲೆ ಮಸಿ ಬಳಿದಂತೆ ಕಪ್ಪು ಪುಡಿಯೂ ಇದೆ, ಇರುವೆಗಳು ಓಡಾಡುತ್ತವೆ.

ಸಸಿ ಮಾರುವವನು, ಕುಶಾಲನಗರ (ನವೆಂಬರ್ 2)

ಹಸಿರು ಕೊಂಬೆಗಳನ್ನು ಕಂಡ ಕೂಡಲೇ ಹುಟ್ಟಿದ ಜಾಗಕ್ಕೇ ಕತ್ತರಿಸಿ ತೆಗೆಯಿರಿ. ಅವುಗಳಿಗೆ ಹಳದಿ ಎಲೆಗಿಂತ ಕಸುವು ಹೆಚ್ಚು, ಬಿಟ್ಟರೆ ಗಿಡವನ್ನೆಲ್ಲ ಆಕ್ರಮಿಸುತ್ತವೆ. ಬಂಗಾರದ ಬಣ್ಣ ಉಳಿಯಬೇಕಾದರೆ ಬಿಸಿಲೂ ಬೇಕು, ಸಿಲ್ವರ್ ಓಕ್ ನೆರಳಿನಲ್ಲಿ ಮಂಕಾಗುತ್ತದೆ. ಕಪ್ಪು ಮಸಿ ತಾನಾಗಿ ಬರುವ ರೋಗವಲ್ಲ. ಎಲೆಯ ಹಿಂಬದಿಯಲ್ಲಿ ಶಲ್ಕ ಕೀಟ ಅಥವಾ ಹಿಟ್ಟು ತಿಗಣೆ ಇರುತ್ತದೆ, ಅವು ಸುರಿಸುವ ಸಿಹಿ ಅಂಟಿನ ಮೇಲೆ ಬೂಸ್ಟು ಬೆಳೆಯುತ್ತದೆ. ಇರುವೆಗಳು ಆ ಸಿಹಿಗಾಗಿ ಕೀಟಗಳನ್ನು ಕಾಯುತ್ತವೆ. ಎಲೆಯ ಅಡಿಭಾಗ ನೆನೆಯುವಂತೆ ಸೋಪಿನ ನೀರಿನಲ್ಲಿ ಕಲಸಿದ ಬೇವಿನ ಎಣ್ಣೆಯನ್ನು ಸಂಜೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪಕ್ಕದಲ್ಲಿ ಕಾಫಿ ಇದ್ದರೆ ಇದನ್ನು ಮುಂದೂಡಬೇಡಿ, ಇಂಥ ಕೀಟಗಳು ಅಲ್ಲಿಗೂ ದಾಟಬಹುದು.

ಕಾಫಿ ಬೆಳೆಗಾರ, ಸೋಮವಾರಪೇಟೆ (ನವೆಂಬರ್ 3)

ಮಡಿಕೇರಿಯ ಅಕ್ಕನವರಿಗೆ ಇನ್ನೊಂದು ಮಾತು. ಬೇಲಿ ಇಳಿಜಾರಿನ ಅಂಚಿನಲ್ಲಿದೆ ಎಂದಿರಿ. ಪ್ರಿವೆಟ್ ಬೇರು ಮೇಲ್ಮಣ್ಣಿನಲ್ಲಿ ಜಾಲವಾಗಿ ಹರಡುತ್ತದೆ, ಬರೆ ಜರಿಯುವುದನ್ನು ತಡೆಯಲು ಅದನ್ನೇ ನಂಬಿಕೊಳ್ಳಬೇಡಿ. ಅದರ ಕೆಳಗೆ ಒಂದು ಸಾಲು ಲಾವಂಚ ಹಾಕಿ, ಅದರ ಬೇರು ನೇರವಾಗಿ ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ.

ಇಳಿಜಾರಿನ ಮನೆ, ಮಡಿಕೇರಿ (ಜೂನ್ 6)

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಇಷ್ಟು ತಿಂಗಳು ಬರೆಯದಿದ್ದದ್ದು ಕೆಲಸ ಮಾಡಿ ನೋಡಿಯೇ ಬರೆಯೋಣ ಎಂದು. ಹುತ್ತರಿಯ ಮೊದಲೇ ಸಿಲ್ವರ್ ಓಕ್ ಬುಡವನ್ನು ತೆಗೆಸಿ ಸುಟ್ಟು, ಕಂದಕ ತೋಡಿಸಿದೆವು. ಬಸಿಗಾಲುವೆ ತೆಗೆಯುವಾಗ ಕೊಟ್ಟಿಗೆ ತೊಳೆದ ನೀರು ನೇರವಾಗಿ ಆ ನಾಲ್ಕು ಗಿಡಗಳ ಬುಡಕ್ಕೇ ಇಳಿಯುತ್ತಿದ್ದದ್ದು ಗೊತ್ತಾಯಿತು. ಅದನ್ನೀಗ ಬಾಳೆಯ ಕಡೆಗೆ ತಿರುಗಿಸಿದ್ದೇವೆ.

ಏಪ್ರಿಲ್ ಮೊದಲ ವಾರದ ಮಳೆಯ ನಂತರ 22 ಗಿಡಗಳನ್ನೂ ಒಂದಡಿಗೆ ಕತ್ತರಿಸಿದೆ. ಅಂಗಳ ಬೋಳಾದದ್ದನ್ನು ನೋಡಿ ಮನೆಯವರು ಎರಡು ದಿನ ನನ್ನ ಜೊತೆ ಮಾತನಾಡಲಿಲ್ಲ. ಸೊಪ್ಪನ್ನು ಕೊಟ್ಟಿಗೆಯ ಕಡೆ ಸುಳಿಯಲು ಬಿಡದೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ, ಬುಡಕ್ಕೆ ಕಾಂಡ ತಾಗದಂತೆ ದರಗು ಹರಡಿದೆ. ಹದಿನೆಂಟನೆಯ ದಿನ, ಬೋಳು ಕಾಂಡದ ಕಂದು ತೊಗಟೆ ಸೀಳಿಕೊಂಡು ಸಾಸಿವೆಯಷ್ಟು ಕೆಂಪು ಮಿಶ್ರಿತ ಹಸಿರು ಮೊಗ್ಗುಗಳು ನೆಲಮಟ್ಟದಿಂದಲೇ ಹೊರಟವು. ಇವತ್ತು ಎಣಿಸಿದೆ: 20 ಗಿಡಗಳು ಚಿಗುರಿವೆ, ಒಂದೊಂದರಲ್ಲಿ ಎಂಟರಿಂದ ಹದಿನೈದು ಚಿಗುರು, ಉದ್ದ ಒಂದು ಗೇಣು. ಎರಡು ಗಿಡಗಳು ಒಣಗಿವೆ, ಉಗುರಿನಿಂದ ಕೆರೆದರೆ ಒಳಗೂ ಹಸಿರಿಲ್ಲ. ಈ ಖಾಲಿ ಜಾಗಗಳಿಗೆ ಹೊಸ ಗಿಡ ಕೊಳ್ಳಬೇಕೇ, ನನ್ನದರಿಂದಲೇ ಕಡ್ಡಿ ನೆಡಬಹುದೇ?

ಸಸಿ ಮಾರುವವನು, ಕುಶಾಲನಗರ (ಜೂನ್ 6)

ಕೊಳ್ಳಬೇಡಿ ಅಕ್ಕ, ಕಡ್ಡಿಯೇ ಸಾಕು, ಜೂನ್ ತಿಂಗಳು ಅದಕ್ಕೆ ಹೇಳಿ ಮಾಡಿಸಿದ್ದು. ಈಗಿನ ಚಿಗುರು ಬಹಳ ಎಳೆಯದು. ಹೂವಿಗೆಂದು ಯಾವುದಾದರೂ ಗಿಡವನ್ನು ಕತ್ತರಿಸದೆ ಬಿಟ್ಟಿದ್ದರೆ ಅದರಿಂದ, ಇಲ್ಲವಾದರೆ ಆಗಸ್ಟ್‌ವರೆಗೆ ಕಾದು ಇವುಗಳಿಂದಲೇ, ಪೆನ್ಸಿಲ್ ದಪ್ಪದ ಅರೆ ಬಲಿತ ಕೊಂಬೆಗಳನ್ನು ಅರ್ಧ ಅಡಿಯಿಂದ ಎಂಟು ಅಂಗುಲ ಉದ್ದಕ್ಕೆ, ಗೆಣ್ಣಿನ ಕೆಳಗೇ ಕತ್ತರಿಸಿ. ತುದಿಯ ಎರಡು ಜೋಡಿ ಎಲೆ ಬಿಟ್ಟು ಉಳಿದದ್ದನ್ನು ತೆಗೆದು, ಅರ್ಧ ಮರಳು, ಅರ್ಧ ಕಾಡುಮಣ್ಣು ತುಂಬಿದ ತೊಟ್ಟೆಯಲ್ಲಿ ಮೂರರಲ್ಲಿ ಎರಡು ಭಾಗ ಹೂತು, ಮಳೆ ನೇರವಾಗಿ ಹೊಡೆಯದ ಕಡೆ ಸೂರಿನ ಕೆಳಗಿಡಿ. ಎರಡು ತಿಂಗಳಲ್ಲಿ ಬೇರು ಬರುತ್ತದೆ. ಬೇಕಾದಷ್ಟಕ್ಕಿಂತ ಎರಡರಷ್ಟು ನೆಡಿ, ಕೆಲವು ಹೋಗುತ್ತವೆ. ಮುಂದಿನ ಜೂನ್‌ನಲ್ಲಿ ಜಾಗಕ್ಕೆ ನೆಟ್ಟ ದಿನವೇ ಅರ್ಧ ಅಡಿಗೆ ಕತ್ತರಿಸಿ. ಈಗ ಬಂದಿರುವ ಒಂದು ಗೇಣಿನ ಚಿಗುರುಗಳನ್ನೂ ಈ ವಾರವೇ ಅರ್ಧಕ್ಕೆ ಚಿವುಟಿ.

ಇಳಿಜಾರಿನ ಮನೆ, ಮಡಿಕೇರಿ (ಜೂನ್ 7)

ಗೇಟಿನ ಪಕ್ಕದ ಹೂವಿನ ಗಿಡವನ್ನೂ ಕತ್ತರಿಸಿಬಿಟ್ಟಿದ್ದೇನೆ, ಹಾಗಾಗಿ ಆಗಸ್ಟ್‌ವರೆಗೆ ಕಾಯುತ್ತೇನೆ. ಇವತ್ತು ಬೆಳಿಗ್ಗೆ ಮಳೆ ಬಿಟ್ಟಾಗ 20 ಗಿಡಗಳ ಚಿಗುರನ್ನೂ ಅರ್ಧಕ್ಕೆ ಚಿವುಟಿ ಮುಗಿಸಿದೆ. ಕೊಟ್ಟಿಗೆಯ ಕಡೆಯ ಏರುಮಡಿಯ ಕೆಳಗೆ ಲಾವಂಚದ 30 ಬುಡಗಳನ್ನೂ ನೆಟ್ಟಾಯಿತು.